ತ್ರೈರಾಶಿ: ಮೂರು ಗೊತ್ತು, ನಾಲ್ಕನೆಯದು ಎಷ್ಟು?

ಕಾಲು ಕೆಜಿ ಬೀನ್ಸ್ 30 ರೂಪಾಯಿ. ನಾನು ಆರಿಸಿ ಕೊಟ್ಟಿದ್ದು 600 ಗ್ರಾಂ ತೂಗಿತು. ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ ತರಕಾರಿ ಅಂಗಡಿಯಾಕೆ "ಎಪ್ಪತ್ತೆರಡು ಕೊಡಿ" ಅಂದಾಗಿತ್ತು. ಅರ್ಧ ಕೆಜಿಗೆ 60, ಮೇಲಿನ ನೂರು ಗ್ರಾಮಿಗೆ 12. ಅಷ್ಟೇ. ಆಕೆ ಬಾಯಲ್ಲೇ ಮುಗಿಸಿದ ಈ ಲೆಕ್ಕಕ್ಕೆ ಒಂದು ಹಳೇ ಹೆಸರಿದೆ: ತ್ರೈರಾಶಿ. ತ್ರೈರಾಶಿಕ ಅಂತಲೂ ಬರೆಯುತ್ತಾರೆ.

ತ್ರಿ ಅಂದರೆ ಮೂರು. ರಾಶಿ ಅಂದ ಕೂಡಲೇ ಕಣದಲ್ಲಿರುವ ರಾಗಿ ರಾಶಿಯೋ, ಮೇಷ ವೃಷಭವೋ ನೆನಪಾಗುತ್ತದೆ. ಇಲ್ಲಿ ಅದೆರಡೂ ಅಲ್ಲ. ಲೆಕ್ಕದಲ್ಲಿ ರಾಶಿ ಅಂದರೆ ಎಣಿಸಿಯೋ ಅಳೆದೋ ಹೇಳಬಹುದಾದ ಒಂದು ಸಂಖ್ಯೆ. ಅಂಥ ಮೂರು ಗೊತ್ತಿದ್ದಾಗ ನಾಲ್ಕನೆಯದನ್ನು ಕಂಡುಹಿಡಿಯುವುದೇ ತ್ರೈರಾಶಿ.

ಸಾ.ಶ. 499ರ ಸುಮಾರಿಗೆ ಆರ್ಯಭಟ ಇದನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ. ಮೂರು ರಾಶಿಗೂ ಹೆಸರಿದೆ: ಪ್ರಮಾಣ, ಫಲ, ಇಚ್ಛೆ. ನಮ್ಮ ಬೀನ್ಸಿನಲ್ಲಿ 250 ಗ್ರಾಂ ಪ್ರಮಾಣ, ಅದಕ್ಕೆ 30 ರೂಪಾಯಿ ಫಲ, ನಮಗೆ ಬೇಕಾದ 600 ಗ್ರಾಂ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿದರೆ 18,000. ಅದನ್ನು ಪ್ರಮಾಣದಿಂದ ಭಾಗಿಸಿದರೆ 72. ಇದು ಇಚ್ಛಾಫಲ. ಶಾಲೆಯ ಎಕ್ಸ್, ವೈಗಿಂತ ನನಗೆ ಈ ಹೆಸರುಗಳೇ ಇಷ್ಟ. ಬೇಕು ಅನ್ನಿಸಿದ್ದಕ್ಕೆ ಇಚ್ಛೆ ಅಂತಲೇ ಹೆಸರಿಟ್ಟಿದ್ದಾರೆ, ಇನ್ನೇನು ಬೇಕು?

ಗುಣಿಸಿ ಭಾಗಿಸುವುದು ಸುಲಭ. ಎಡವುವುದು ಯಾವುದನ್ನು ಎಲ್ಲಿ ಇಡಬೇಕು ಅನ್ನುವಲ್ಲಿ. 1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲಿ ಇದಕ್ಕೆ ಒಳ್ಳೆಯ ಸಮಸ್ಯೆಯೊಂದಿದೆ. ಎರಡೂವರೆ ಪಲ ಕುಂಕುಮಕೇಸರಿ ಒಂದು ನಿಷ್ಕದ ಏಳರಲ್ಲಿ ಮೂರು ಭಾಗಕ್ಕೆ ಸಿಗುತ್ತದೆ; ವರ್ತಕರೇ, 9 ನಿಷ್ಕಕ್ಕೆ ಎಷ್ಟು ಬರುತ್ತದೆ ಹೇಳಿ. ಪಲ ತೂಕ, ನಿಷ್ಕ ಹಣ. ಪ್ರಶ್ನೆಯಲ್ಲಿ ಮೊದಲು ಬರುವುದು ಕೇಸರಿ. ಅದನ್ನೇ ಮೊದಲು ಬರೆದರೆ ಕೆಟ್ಟಿರಿ. ಭಾಸ್ಕರನ ನಿಯಮ ಏನೆಂದರೆ, ಮೊದಲನೆಯದೂ ಕೊನೆಯದೂ ಒಂದೇ ಜಾತಿಯದ್ದಾಗಿರಬೇಕು, ಬೇರೆ ಜಾತಿಯದ್ದು ನಡುವೆ ಕೂರಬೇಕು. ಹಾಗಾಗಿ ಹಣ, ಕೇಸರಿ, ಹಣ. ಎರಡೂವರೆಯನ್ನು 9ರಿಂದ ಗುಣಿಸಿ ಏಳರಲ್ಲಿ ಮೂರರಿಂದ ಭಾಗಿಸಿದರೆ 52½ ಪಲ. ಭಗವಂತ ಜಗತ್ತನ್ನೆಲ್ಲ ತುಂಬಿರುವ ಹಾಗೆ ಲೆಕ್ಕವನ್ನೆಲ್ಲ ತ್ರೈರಾಶಿ ತುಂಬಿದೆ ಅಂತಲೂ ಅವನೇ ಹೇಳುತ್ತಾನೆ.

ನಮ್ಮ ಕಡೆಯವರೂ ಹಿಂದೆ ಬಿದ್ದಿರಲಿಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇದನ್ನು ವಿವರವಾಗಿ ಹೇಳಿದ್ದಾನೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಸಂತೆ, ಸಾಲ, ಕೂಲಿ ಇರುವಲ್ಲಿ ಈ ಲೆಕ್ಕ ಇರಲೇಬೇಕಲ್ವಾ?

ಈಗ ಇದರ ತಿರುಗುಮುರುಗು. ಆರು ಜನ ಒಂದು ಮನೆಗೆ ನಾಲ್ಕು ದಿನದಲ್ಲಿ ಸುಣ್ಣ ಬಳಿದು ಮುಗಿಸುತ್ತಾರೆ. ಎಂಟು ಜನ ಬಂದರೆ? ಕಣ್ಣುಮುಚ್ಚಿ ಸೂತ್ರ ಹಾಕಿದರೆ ಐದು ದಿನಕ್ಕಿಂತ ಜಾಸ್ತಿ ಬರುತ್ತದೆ. ಜನ ಹೆಚ್ಚಿದಷ್ಟೂ ಕೆಲಸ ನಿಧಾನ ಅಂತಾಯಿತು! (ಕೆಲವು ಕಡೆ ಅದೂ ನಿಜ ಅನ್ನಿ.) ಇಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಇಳಿಯುತ್ತದೆ. ಇದು ವ್ಯಸ್ತ ತ್ರೈರಾಶಿ, ಶಾಲೆಯ ಮಾತಿನಲ್ಲಿ ವಿಲೋಮ ಅನುಪಾತ. ಆರು ನಾಲ್ಕಲಿ ಇಪ್ಪತ್ತನಾಲ್ಕು, ಎಂಟರಿಂದ ಭಾಗಿಸಿದರೆ ಮೂರು ದಿನ. ಇದಕ್ಕೆ ಲೀಲಾವತಿ ಕೊಡುವ ಒಂದು ಉದಾಹರಣೆ ಓದಿದರೆ ಮುಜುಗರವಾಗುತ್ತದೆ: 16 ವರ್ಷದ ಹೆಣ್ಣಿಗೆ 32 ನಾಣ್ಯವಾದರೆ 20 ವರ್ಷದವಳಿಗೆ ಎಷ್ಟು ಅಂತ. ಲೆಕ್ಕ ಸರಿಯಿದೆ. ಆ ಕಾಲದ ಸಂತೆಯಲ್ಲಿ ಏನೇನು ಮಾರಾಟವಾಗುತ್ತಿತ್ತು ಅನ್ನುವುದೂ ಅದರಲ್ಲೇ ಇದೆ.

ರಾಶಿ ಐದಾದರೆ ಪಂಚರಾಶಿ. ತಲೆ ಕೆಡಿಸುವ ಒಗಟುಗಳು ಹುಟ್ಟುವುದು ಇಲ್ಲೇ. ಐದು ಜನ ಐದು ನಿಮಿಷದಲ್ಲಿ ಐದು ಮೊಳ ಹೂ ಕಟ್ಟುತ್ತಾರೆ. ನೂರು ಜನ ನೂರು ಮೊಳ ಕಟ್ಟಲು ಎಷ್ಟು ನಿಮಿಷ? "ನೂರು" ಅಂತ ನಾಲಿಗೆ ತುದಿಗೆ ಬಂದೇ ಬರುತ್ತದೆ. ಹೂ ಕಟ್ಟುವ ಒಬ್ಬರನ್ನೇ ನೋಡಿ: ಅವರಿಗೆ ಒಂದು ಮೊಳಕ್ಕೆ ಐದು ನಿಮಿಷ. ಪಕ್ಕದಲ್ಲಿ ಎಷ್ಟು ಜನ ಕೂತರೂ ಅವರವರ ಮೊಳಕ್ಕೆ ಐದೇ ನಿಮಿಷ. ಉತ್ತರ ಐದು.

ಕೆಲವು ಕಡೆ ತ್ರೈರಾಶಿ ನೇರವಾಗಿಯೂ ಓಡುವುದಿಲ್ಲ, ತಿರುಗುಮುರುಗಾಗಿಯೂ ಓಡುವುದಿಲ್ಲ. ತಂತಿ ಮೇಲೆ ಒಂದು ಪಂಚೆ ಒಣಗಲು ಎರಡು ಗಂಟೆ ಬೇಕು. ಐದು ಪಂಚೆ ಹರವಲು ಜಾಗ ಇದ್ದರೆ ಅವಕ್ಕೂ ಎರಡೇ ಗಂಟೆ ಸಾಕು. ಕೇಳಿದರೆ ನಗು ಬರುತ್ತದೆ. ಆದರೆ ನಾನೇ ಇಂಥದ್ದೊಂದರಲ್ಲಿ ಸಿಕ್ಕಿಬಿದ್ದಿದ್ದೇನೆ.

ಮನೆಯಲ್ಲಿ ನಾಮಕರಣ. ಬೆಳಗಿನ ಉಪ್ಪಿಟ್ಟು ನನ್ನ ಪಾಲಿಗೆ ಬಂತು. ನಾಲ್ಕು ಜನಕ್ಕೆ ಎರಡು ಲೋಟ ರವೆ, ಆರು ಲೋಟ ನೀರು, ಇದು ದಿನಾ ಮಾಡುವ ಅಳತೆ. ನಲವತ್ತು ಜನಕ್ಕೆ 20 ಲೋಟ ರವೆ, 60 ಲೋಟ ನೀರು. ಶುದ್ಧ ತ್ರೈರಾಶಿ! ರವೆ ಸುರಿದು ಕೈಯಾಡಿಸಿ ಮುಚ್ಚಳ ತೆಗೆದರೆ ಗಂಜಿ. ಸೌಟಿನಿಂದ ಎತ್ತಿದರೆ ಸುರಿಯುತ್ತಿತ್ತು. ನೀರಿನಲ್ಲಿ ಒಂದು ಪಾಲು ಆವಿಯಾಗಿ ಹೋಗುತ್ತದೆ, ಹೋಗುವುದು ಪಾತ್ರೆಯ ಬಾಯಿಯಿಂದ. ಹಂಡೆಯಲ್ಲಿ ನೀರು ಹತ್ತು ಪಟ್ಟು ಇತ್ತು, ಬಾಯಿ ಹತ್ತು ಪಟ್ಟು ಅಗಲ ಇರಲಿಲ್ಲ. ಸೋದರತ್ತೆ ಬಂದು ಇಣುಕಿದರು. ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಲೆಕ್ಕ ತೋರಿಸಿದೆ. ಅದನ್ನು ಓದಿ ವಾಪಸ್ ಕೊಟ್ಟು, ಹುರಿಯಲು ಇನ್ನಷ್ಟು ರವೆ ಬಾಣಲೆಗೆ ಸುರಿಯುತ್ತಾ ಅಂದರು: "ಲೆಕ್ಕ ಸರಿಯಾಗೇ ಇದೆ ಕಣೋ. ಹತ್ತು ಪಾತ್ರೆ ಇಟ್ಟು ಮಾಡ್ಬೇಕಿತ್ತು."