ಹೇಮಾವತಿ ನಾಲೆಯ ಏರೋಪ್ಲೇನ್ ಚಿಟ್ಟೆಗಳು

ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟರು ಅಂದರೆ ಹಾಸನ ಜಿಲ್ಲೆಯ ಬಯಲು ಕಡೆ ಮಾತೆಲ್ಲ ಅದರದ್ದೇ. ಒಟ್ಲು ಯಾವಾಗ, ನಾಟಿ ಯಾವಾಗ, ಕೊನೇ ಗದ್ದೆಗೆ ನೀರು ಮುಟ್ಟುತ್ತಾ ಇಲ್ವಾ. ಇದಾಗಿ ಎರಡು ತಿಂಗಳು ಕಳೆಯಲಿ, ಹೊಳೆನರಸೀಪುರದ ಕಡೆಯೋ ಚನ್ನರಾಯಪಟ್ಟಣದ ಕಡೆಯೋ ನಾಲೆ ಏರಿಯ ಮೇಲೆ ನಡೆದು ನೋಡಿ. ಕಾಲಿಟ್ಟಲ್ಲೆಲ್ಲ ಏರೋಪ್ಲೇನ್ ಚಿಟ್ಟೆಗಳು ಏಳುತ್ತವೆ. ಅವುಗಳಲ್ಲಿ ಎಷ್ಟೋ ಈ ನೀರಿನಲ್ಲೇ ಹುಟ್ಟಿ ಬೆಳೆದವು.

ಇವುಗಳಲ್ಲಿ ಎರಡು ಬಗೆ. ದಪ್ಪ ಮೈಯ, ಜೋರಾಗಿ ಹಾರುವ ಡ್ರ್ಯಾಗನ್‌ಫ್ಲೈ ಕೂತಾಗ ರೆಕ್ಕೆಗಳನ್ನು ಅಗಲಕ್ಕೆ ಚಾಚಿರುತ್ತದೆ. ಸಣಕಲು ಮೈಯ, ಹುಲ್ಲಿನ ನಡುವೆ ಮೆಲ್ಲಗೆ ಸುಳಿಯುವ ಡ್ಯಾಮ್ಸೆಲ್‌ಫ್ಲೈ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುತ್ತದೆ. ಕಣ್ಣು ನೋಡಿದರೂ ಗೊತ್ತಾಗುತ್ತದೆ. ಡ್ರ್ಯಾಗನ್‌ಫ್ಲೈ ಕಣ್ಣುಗಳು ಸಾಮಾನ್ಯವಾಗಿ ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಡ್ಯಾಮ್ಸೆಲ್‌ಫ್ಲೈಗೆ ದೂರ ದೂರ. ಆದರೆ ನಾಲೆಯ ಮೇಲೆ ಬಾಗಿದ ಒಣಕಡ್ಡಿಯ ತುದಿಯಲ್ಲಿ ಕೂರುವ, ಹಳದಿ ಕಪ್ಪು ಪಟ್ಟೆಯ ಕಾಮನ್ ಕ್ಲಬ್‌ಟೇಲ್ ಡ್ರ್ಯಾಗನ್‌ಫ್ಲೈ ಆದರೂ ಅದರ ಕಣ್ಣುಗಳು ತಾಗುವುದಿಲ್ಲ. ಹಾಗಾಗಿ ಒಂದೇ ಗುರುತು ನಂಬಬೇಡಿ. ಜಗತ್ತಿನಲ್ಲಿ ಈ ಎರಡೂ ಸೇರಿ 6,000ಕ್ಕೂ ಜಾಸ್ತಿ ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಸುಮಾರು 200.

ಹಾರುವ ರೂಪ ಇವುಗಳ ಬದುಕಿನ ಕೊನೆಯ ಭಾಗ, ಅಷ್ಟೇ. ಅದಕ್ಕೆ ಮೊದಲಿನದ್ದೆಲ್ಲ ನೀರೊಳಗೆ, ಹೂಳಿನಲ್ಲಿ, ಜೊಂಡಿನ ಬುಡದಲ್ಲಿ ನಡೆಯುತ್ತದೆ. ಉಪನಾಲೆಯಲ್ಲಿ ನೀರು ನಿಧಾನವಾಗಿ ಹರಿಯುವ ಕಡೆ ಒಂದು ಜರಡಿ ಅದ್ದಿ, ಕೆಸರು ತೊಳೆದು, ಬಿಳಿ ತಟ್ಟೆಗೆ ಸುರಿಯಿರಿ. ಮಣ್ಣಿನ ಬಣ್ಣದ, ಆರು ಕಾಲಿನ, ಗಡುಸಾದ ಒಂದು ಹುಳು ಸಿಗಬಹುದು. ಅದೇ ಡ್ರ್ಯಾಗನ್‌ಫ್ಲೈ ಮರಿ. ಅದರ ಕೆಳದುಟಿ ಮಡಚಿದ ಮೊಣಕೈ ಹಾಗೆ ಗಲ್ಲದ ಕೆಳಗೆ ಅಡಗಿರುತ್ತದೆ. ತುದಿಯಲ್ಲಿ ಕೊಕ್ಕೆಗಳು. ಸೊಳ್ಳೆ ಮರಿಯೋ ಸಣ್ಣ ಗೊದಮೊಟ್ಟೆಯೋ ಹತ್ತಿರ ಬಂದರೆ ಆ ತುಟಿ ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮುಂದೆ ಚಾಚಿ, ಬೇಟೆಯನ್ನು ಹಿಡಿದು ಬಾಯಿಗೆ ತರುತ್ತದೆ.

ಇದರ ಉಸಿರಾಟವೂ ವಿಚಿತ್ರ. ಕಿವಿರುಗಳು ಇರುವುದು ಗುದದೊಳಗೆ! ಹಿಂದಿನಿಂದ ನೀರು ಎಳೆದುಕೊಂಡು, ಅದರಲ್ಲಿನ ಆಮ್ಲಜನಕ ತೆಗೆದುಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಹೆದರಿದಾಗ ಅದೇ ನೀರನ್ನು ಒಮ್ಮೆಲೇ ರಭಸವಾಗಿ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಉಸಿರಾಡುವ ಅಂಗದಿಂದಲೇ ಓಡುವ ಕೆಲಸವನ್ನೂ ಮಾಡಿಸಿಕೊಳ್ಳುವ ಇಂಥ ಏರ್ಪಾಡು ಪ್ರಾಣಿಲೋಕದಲ್ಲಿ ಅಪರೂಪ. ಡ್ಯಾಮ್ಸೆಲ್‌ಫ್ಲೈ ಮರಿಗೆ ಈ ವ್ಯವಸ್ಥೆ ಇಲ್ಲ. ಅದರ ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರುಗಳು ಎದ್ದು ಕಾಣುತ್ತವೆ.

ಸೊಳ್ಳೆ ಮರಿ ತಿನ್ನುತ್ತವೆ ಅಂದೆನಲ್ಲ, ಅದನ್ನು ಊರಿನೊಳಗೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮ್ಯಾನ್ಮಾರ್‌ನ ಯಾಂಗೊನ್ ನಗರದಲ್ಲಿ ಮನೆಗಳ ನೀರಿನ ತೊಟ್ಟಿಗಳಿಗೆ ಸ್ಕಾರ್ಲೆಟ್ ಸ್ಕಿಮ್ಮರ್ ಎಂಬ ಜಾತಿಯ ಮರಿಗಳನ್ನು ಬಿಟ್ಟರು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗಳ ಸಂಖ್ಯೆ ಬಹಳ ಇಳಿಯಿತು. ಈ ಅಧ್ಯಯನ ಪ್ರಕಟವಾಗಿದ್ದು 1990ರಲ್ಲಿ. ಅದೇ ಜಾತಿ ನಮ್ಮ ನಾಲೆಗಳಲ್ಲೂ ಕೆರೆಗಳಲ್ಲೂ ಧಾರಾಳವಾಗಿದೆ. 2024ರ ಮಳೆಗಾಲದಲ್ಲಿ ಡೆಂಗ್ಯೂ ಕಾಟ ಕಂಡ ಹಾಸನದವರಿಗೆ ಇದು ಬರೀ ಕುತೂಹಲದ ಸಂಗತಿ ಅಲ್ಲ, ಅಲ್ವಾ? ಇದರಿಂದ ಡೆಂಗ್ಯೂ ನಿಂತೇಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಈಡಿಸ್ ಸೊಳ್ಳೆ ಮನೆಯ ಡ್ರಮ್ಮು, ಟೈರು, ತೆಂಗಿನ ಚಿಪ್ಪಿನಲ್ಲಿ ಮರಿ ಮಾಡುತ್ತದೆ. ಅಲ್ಲಿಗೆ ನಾಲೆಯ ಮರಿಗಳು ತಾವಾಗಿ ಬರುವುದಿಲ್ಲ. ಆದರೆ ಗದ್ದೆ ಮತ್ತು ಕಾಲುವೆಯ ಸೊಳ್ಳೆ ಮರಿಗಳನ್ನು ಹಗಲೂ ರಾತ್ರಿ ಮುಗಿಸುವವರಲ್ಲಿ ಇವೂ ಸೇರಿವೆ.

ಈ ಸ್ಕಾರ್ಲೆಟ್ ಸ್ಕಿಮ್ಮರ್ ಗಂಡು ಮೆಣಸಿನಕಾಯಿ ಕೆಂಪು. ಆದರೆ ಮರಿಯ ಚರ್ಮ ಬಿಟ್ಟು ಹೊರಬಂದಾಗ ಅದೂ ಹೆಣ್ಣಿನ ಹಾಗೆ ಹಳದಿಯೇ. ಸಾಮಾನ್ಯವಾಗಿ ರಾತ್ರಿಯಲ್ಲೋ ನಸುಕಿನಲ್ಲೋ ಮರಿ ಜೊಂಡಿನ ಕಡ್ಡಿ ಹತ್ತುತ್ತದೆ, ಬೆನ್ನು ಸೀಳುತ್ತದೆ, ಒಳಗಿನಿಂದ ಮೆತ್ತಗಿನ ಜೀವವೊಂದು ಹೊರಬರುತ್ತದೆ. ನಡುವೆ ಗೂಡಿನ ಹಂತ ಇಲ್ಲ. ಖಾಲಿ ಚರ್ಮ ಕಡ್ಡಿಗೆ ಅಂಟಿಕೊಂಡೇ ಉಳಿಯುತ್ತದೆ, ಬೆಳಿಗ್ಗೆ ಹೋದರೆ ಸುಮ್ನೆ ಕೈಯಲ್ಲಿ ತೆಗೆದು ನೋಡಬಹುದು. ಮುಂದಿನ ದಿನಗಳಲ್ಲಿ ಗಂಡು ಹಳದಿಯಿಂದ ಕೆಂಪಾಗುತ್ತದೆ. ಹೊಸ ಬಣ್ಣ ಬಂದು ಸೇರಿ ಹೀಗಾಗುವುದಿಲ್ಲ. ಚರ್ಮದಲ್ಲಿ ಮೊದಲೇ ಇದ್ದ ಬಣ್ಣದ ಕಣಗಳೇ ಎಲೆಕ್ಟ್ರಾನ್ ಪಡೆದು ರೂಪ ಬದಲಿಸುತ್ತವೆ. ಜಪಾನಿನ ವಿಜ್ಞಾನಿಗಳು 2012ರಲ್ಲಿ ಇದನ್ನು ತೋರಿಸಿಕೊಟ್ಟರು. ಹಳದಿ ಕೀಟಕ್ಕೆ ವಿಟಮಿನ್ ಸಿ ಚುಚ್ಚಿದರೆ ಅದೂ ಕೆಂಪಾಯಿತು!

ಬಿಸಿಲು ಏರುತ್ತಿದ್ದ ಹಾಗೆ ನಾಲೆಯ ದಡ ಗಂಡುಗಳ ಪಾಲಾಗುತ್ತದೆ. ಪ್ರತಿಯೊಂದಕ್ಕೂ ಒಂದಿಷ್ಟು ಜಾಗ, ಒಂದು ಕಡ್ಡಿ. ಬೇರೆ ಗಂಡು ಬಂದರೆ ಅಟ್ಟುತ್ತದೆ, ಮತ್ತೆ ಅದೇ ಕಡ್ಡಿಗೆ ವಾಪಸ್. ಹೆಣ್ಣು ಸಿಕ್ಕಿದರೆ ಅದರ ತಲೆಯನ್ನೋ ಕತ್ತನ್ನೋ ಬಾಲದಿಂದ ಹಿಡಿಯುತ್ತದೆ. ಇಷ್ಟೊಂದು ಕಾವಲು ಯಾಕೆ? ಅಮೆರಿಕದ ಜೋನಾಥನ್ ವಾಗ್ 1979ರಲ್ಲಿ ಒಂದು ಡ್ಯಾಮ್ಸೆಲ್‌ಫ್ಲೈಯನ್ನು ಪರೀಕ್ಷಿಸಿ ಉತ್ತರ ಕೊಟ್ಟರು. ಗಂಡು ತನ್ನ ವೀರ್ಯ ಬಿಡುವ ಮೊದಲು, ಹೆಣ್ಣಿನೊಳಗೆ ಹಿಂದಿನ ಗಂಡು ಬಿಟ್ಟಿದ್ದ ವೀರ್ಯವನ್ನು ಕೆರೆದು ಹೊರಗೆ ತೆಗೆಯುತ್ತದೆ. ಅಂದಮೇಲೆ ಹೆಣ್ಣು ಮೊಟ್ಟೆ ಇಡುವವರೆಗೂ ಪಕ್ಕದಲ್ಲೇ ಇರದಿದ್ದರೆ ಇದರ ಶ್ರಮವೂ ಹಾಗೇ ವ್ಯರ್ಥ. ಮೊಟ್ಟೆ ಇಡುವ ಹೆಣ್ಣಿನ ಮೇಲೆಯೇ ಗಂಡು ಹಾರುತ್ತಿರುವುದು ಈ ಕಾರಣಕ್ಕೆ.

ಮೊಟ್ಟೆ ಇಡುವ ರೀತಿಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು, ನಾಲೆಯ ಮಟ್ಟಿಗೆ ಮುಖ್ಯ ವಿಷಯ ಅದೇ. ಸ್ಕಿಮ್ಮರ್‌ಗಳು ನೀರಿಗೆ ಬಾಲ ತಾಗಿಸಿ ತಾಗಿಸಿ ಮೊಟ್ಟೆ ಉದುರಿಸುತ್ತವೆ. ಡ್ಯಾಮ್ಸೆಲ್‌ಫ್ಲೈ ಹಾಗಲ್ಲ, ಗಿಡದ ಕಾಂಡವನ್ನು ಸೀಳಿ ಅದರೊಳಗೆ ಇಡುತ್ತದೆ. ನಾಲೆಯ ಎರಡೂ ಪಕ್ಕಕ್ಕೆ ಸಿಮೆಂಟ್ ಹಾಕಿ ಜೊಂಡು, ಹುಲ್ಲು ತೆಗೆದುಬಿಟ್ಟರೆ ಮೊದಲು ಮಾಯವಾಗುವುದು ಈ ಸಣ್ಣವೇ. ನೀರು ಅಷ್ಟೇ ಇರುತ್ತದೆ, ಮೊಟ್ಟೆ ಇಡಲು ಜಾಗ ಇರುವುದಿಲ್ಲ. ನೀರು ಸೋರಿ ಹೋಗದಿರಲಿ ಅಂತ ಸಿಮೆಂಟ್ ಹಾಕುತ್ತಾರೆ, ಕೊನೇ ಗದ್ದೆಯವರಿಗೆ ಅದು ಬೇಕೇ ಬೇಕು. ಆದರೆ ಗದ್ದೆ ಬದುವಿನ ಹುಲ್ಲನ್ನೂ ಕಳೆನಾಶಕ ಹೊಡೆದು ಸುಡುವುದು ನನಗೆ ಬಹಳ ಬೇಸರ ತರುತ್ತದೆ. ಹಳದಿ ಮೈಯ ಕೋರಮಂಡಲ್ ಮಾರ್ಷ್ ಡಾರ್ಟ್, ಎರಡು ಸೆಂಟಿಮೀಟರ್ ಆಸುಪಾಸಿನ ಪಿಗ್ಮಿ ಡಾರ್ಟ್‌ಲೆಟ್ ಎಲ್ಲ ಆ ಹುಲ್ಲಿನಲ್ಲೇ ಇರುವುದು.

ಸಿಮೆಂಟಿಗೂ ಒಗ್ಗಿಕೊಂಡವು ಇವೆ. ಗ್ರಾನೈಟ್ ಘೋಸ್ಟ್ ಗೋಡೆಗೆ ಅಂಟಿ ಕೂತರೆ ಬಣ್ಣ ಗೋಡೆಯದ್ದೇ, ಅದು ಹಾರುವವರೆಗೂ ಕಾಣುವುದಿಲ್ಲ. ಕಿತ್ತಳೆ ಬಣ್ಣದ ಡಿಚ್ ಜ್ಯುವೆಲ್ ಕೊಳೆ ನೀರನ್ನೂ ತಾಳಿಕೊಳ್ಳುತ್ತದೆ. ಎಲ್ಲೆಲ್ಲೂ ಅದೊಂದೇ ಕಂಡರೆ ಚರಂಡಿ ನೀರು ಸೇರುತ್ತಿದೆಯಾ ಅಂತ ವಿಚಾರಿಸಬೇಕು. ಹಸಿರು ಮಿಂಚುವ ರೆಕ್ಕೆಯ ಸ್ಟ್ರೀಮ್ ಗ್ಲೋರಿಗೆ ಮಾತ್ರ ಕಲ್ಲಿನ ಮೇಲೆ ಹರಿಯುವ ತಿಳಿನೀರೇ ಬೇಕು. ಅದನ್ನು ನೋಡಲು ಸಕಲೇಶಪುರದ ಕಡೆ ಹಳ್ಳಗಳಿಗೆ ಹೋಗಬೇಕು.

ನಾಟಿಯಾಗಿ ಪೈರು ಎದ್ದ ಮೇಲೆ ಗದ್ದೆಗಳಲ್ಲಿ ಪೈಡ್ ಪ್ಯಾಡಿ ಸ್ಕಿಮ್ಮರ್ ಜಾಸ್ತಿಯಾಗುತ್ತದೆ, ಗಂಡಿನ ರೆಕ್ಕೆ ಕಪ್ಪು ಬಿಳಿ. ತಲೆಯ ಮೇಲೆ, ಕೂರದೇ ಹಾರುತ್ತಲೇ ಇರುವ ಹಳದಿ ಗುಂಪು ವಾಂಡರಿಂಗ್ ಗ್ಲೈಡರ್‌ಗಳದ್ದು. ಇದರ ಮರಿ ಸುಮಾರು 40 ದಿನದಲ್ಲೇ ಬೆಳೆದು ಮುಗಿಸಬಲ್ಲದು, ಮಳೆನೀರಿನ ಗುಂಡಿ ಸಾಕು. ಅಕ್ಟೋಬರ್‌ನಲ್ಲಿ ಗಾಳಿ ತಿರುಗಿದಾಗ ಭಾರತದಿಂದ ಇವು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಸಮುದ್ರದ ಮೇಲೆ ಹೊರಡುತ್ತವೆ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಸಿಹಿನೀರೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ವರ್ಷ ಇವು ಎಲ್ಲಿಂದ ಬರುತ್ತವೆ ಅಂತ ಹುಡುಕುತ್ತಾ ಹೋದರು. 2009ರಲ್ಲಿ ಅವರು ಮುಂದಿಟ್ಟ ವಿವರಣೆ ಹೀಗಿದೆ: ಭಾರತದಿಂದ ಮಾಲ್ಡೀವ್ಸ್, ಸೇಶೆಲ್ಸ್ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗಿ, ಮತ್ತೆ ಮುಂಗಾರು ಗಾಳಿಯ ಜೊತೆ ವಾಪಸ್. ಒಟ್ಟು 14,000ದಿಂದ 18,000 ಕಿಲೋಮೀಟರ್. ಒಂದೇ ಕೀಟ ಇಷ್ಟನ್ನೂ ಹಾರುವುದಿಲ್ಲ, ಸುಮಾರು ನಾಲ್ಕು ತಲೆಮಾರು ಸೇರಿ ಮುಗಿಸುತ್ತವೆ.

ನಾಲೆಗೆ ನೀರು ನಿಲ್ಲಿಸಿದ ಮೇಲೂ ನೋಡುವುದಿರುತ್ತದೆ. ತೂಬಿನ ಕೆಳಗಿನ ಗುಂಡಿ, ಮೋರಿಯ ಅಡಿಯ ಮಡುವಿನಲ್ಲಿ ನೀರು ಉಳಿದಿದ್ದರೆ ಗ್ರೀನ್ ಮಾರ್ಷ್ ಹಾಕ್ ಅಲ್ಲಿ ಸಿಗುತ್ತದೆ. ಇದು ಬೇರೆ ಏರೋಪ್ಲೇನ್ ಚಿಟ್ಟೆಗಳನ್ನೇ ಹಿಡಿದು ತಿನ್ನುವ ಗಟ್ಟಿಗ. ನೀರು ಕಡಿಮೆಯಾಗಿ ಎಲ್ಲವೂ ಒಂದೇ ಕಡೆ ಸೇರಿರುವಾಗ ಅದರ ಬೇಟೆ ನೋಡುವುದು ಸುಲಭ. ಬೆಳಿಗ್ಗೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಹೋಗಿ, ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ನಿಂತುಕೊಳ್ಳಿ.