ಅಕ್ಕನ ಪಾಸ್‌ಪೋರ್ಟ್ ಮಾಲೀಕರ ಬೀರುವಿನಲ್ಲಿದೆ, ಏನು ಮಾಡೋದು?

ಪ್ರಶ್ನೆ: ನಮ್ಮಕ್ಕ ಕುವೈತ್‌ಗೆ ಮನೆಕೆಲಸಕ್ಕೆ ಹೋಗಿ ಹತ್ತು ತಿಂಗಳಾಯಿತು. ನಾಲ್ಕು ತಿಂಗಳಿಂದ ಸಂಬಳ ಇಲ್ಲ. ವಾಪಸ್ ಬರುತ್ತೇನೆ ಅಂದರೆ ಪಾಸ್‌ಪೋರ್ಟ್ ಕೊಡುತ್ತಿಲ್ಲ. ಎರಡು ವರ್ಷ ಮುಗಿಯುವ ತನಕ ಅದು ಮಾಲೀಕರ ಹತ್ತಿರವೇ ಇರಬೇಕು, ಅಲ್ಲಿನ ರೂಲ್ಸೇ ಹಾಗೆ ಅಂತಾನೆ ಏಜೆಂಟ್. ನಾವು ಏನು ಮಾಡಬಹುದು? (ಅರಸೀಕೆರೆಯಿಂದ ಒಬ್ಬ ತಮ್ಮ)

ತಮ್ಮಾ, ಮೊದಲು ಸಮಾಧಾನದ ಮಾತು. ನಿಮ್ಮಕ್ಕ ಊರಿಗೆ ಬರಲು ಆ ಪಾಸ್‌ಪೋರ್ಟ್ ಕೈಗೆ ಸಿಗಲೇಬೇಕು ಅಂತೇನಿಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಆ "ರೂಲ್ಸು" ಅನ್ನೋ ಮಾತಿನ ಬುಡ ಅಲ್ಲಾಡಿಸಬೇಕು.

ಹಾಸನದಲ್ಲಿ ನಾವು ಐದು ಜನ ಭಾನುವಾರ ಭಾನುವಾರ ಕೂತು ಇಂಥ ಅರ್ಜಿಗಳನ್ನು ತುಂಬಿಕೊಡುತ್ತೇವೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ವಕೀಲರು. ಇಬ್ಬರು ತಾವೇ ಗಲ್ಫ್‌ನಲ್ಲಿ ಮನೆಕೆಲಸ ಮಾಡಿ ಬಂದ ಹೆಣ್ಣುಮಕ್ಕಳು. ಬೇಲೂರಿಂದ ಬರಲಿ, ಹೊಳೆನರಸೀಪುರದಿಂದ ಬರಲಿ, ಮನೆಯವರು ಬೆಂಚಿನ ಮೇಲೆ ಕೂತ ಕೂಡಲೇ ಹೇಳುವುದು ಒಂದೇ: "ಪಾಸ್‌ಪೋರ್ಟ್ ಅವರ ಹತ್ತಿರ ಇದೆಯಲ್ಲ, ನಾವೇನು ಮಾಡೋಕಾಗುತ್ತೆ?" ಸಂಬಳ ಕೊಡದಿರುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಹೊಡೆಯುವುದು ತಪ್ಪು ಅಂತಲೂ ಗೊತ್ತು. ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು ಮಾತ್ರ ಸರಿ ಅಂತ ಯಾಕೋ ಒಪ್ಪಿಕೊಂಡುಬಿಟ್ಟಿದ್ದಾರೆ. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ವಾರ ಮತ್ತೆ ಅದೇ ಮಾತು.

ನಿಮ್ಮ ಮನೆಯಲ್ಲಿ ಯಾರದ್ದಾದರೂ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ. ಕೊನೆಯ ಕಡೆ ಹಿಂದಿ, ಇಂಗ್ಲಿಷಿನಲ್ಲಿ ಎಚ್ಚರಿಕೆಯ ಸಾಲುಗಳಿರುತ್ತವೆ. ಈ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ ಅಂತ ಅಲ್ಲಿ ಅಚ್ಚಾಗಿರುತ್ತದೆ. ಅದು ಯಾರ ಹೆಸರಿನಲ್ಲಿದೆಯೋ ಅವರ ಹತ್ತಿರ, ಇಲ್ಲ ಅವರು ಒಪ್ಪಿ ಹೇಳಿದವರ ಹತ್ತಿರ ಇರಬೇಕು ಅಂತಲೂ ಇದೆ. ಅದು ಸರ್ಕಾರದ ಆಸ್ತಿ ಅಂತ 1967ರ ಪಾಸ್‌ಪೋರ್ಟ್ ಕಾಯಿದೆಯ 17ನೇ ಸೆಕ್ಷನ್ ಕೂಡ ಹೇಳುತ್ತದೆ. ನಿಮ್ಮಕ್ಕನಿಗೇ ಅದು ಸ್ವಂತ ಆಸ್ತಿಯಲ್ಲ ಅಂದಮೇಲೆ ಕುವೈತಿನ ಮಾಲೀಕನಿಗೆ ಅಡ ಇಟ್ಟುಕೊಳ್ಳುವ ಹಕ್ಕು ಎಲ್ಲಿಂದ ಬಂತು?

"ಅದು ನಮ್ಮ ದೇಶದ ಕಾನೂನು, ಅಲ್ಲಿನದು ಬೇರೆ" ಅಂತಾರೆ ಏಜೆಂಟರು. ಅಲ್ಲಿನದನ್ನೂ ನೋಡೋಣ. ಕುವೈತ್ 2015ರಲ್ಲಿ ಮನೆಕೆಲಸದವರಿಗಾಗಿಯೇ 68ನೇ ನಂಬರಿನ ಕಾನೂನು ಮಾಡಿತು. ಕೆಲಸದವರ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್, ಗುರುತಿನ ಚೀಟಿ ಇಟ್ಟುಕೊಳ್ಳುವಂತಿಲ್ಲ ಅಂತ ಅದರಲ್ಲಿದೆ. ಕತಾರ್‌ನಲ್ಲಿ ವಾಸದ ಪರವಾನಗಿ ಆದ ಮೇಲೆ ಪಾಸ್‌ಪೋರ್ಟ್ ವಾಪಸ್ ಕೊಡಬೇಕು ಅಂತ 2015ರ ಕಾನೂನಿದೆ. ದುಬೈ, ಅಬುಧಾಬಿ ಕಡೆ 2022ರ ಕಾನೂನು ಗುರುತಿನ ಕಾಗದಗಳನ್ನು ಕೆಲಸದವರ ಕೈಯಲ್ಲೇ ಬಿಡುತ್ತದೆ.

ಒಪ್ಪಿಗೆ ಅನ್ನುವ ಪದ ಹಿಡಿದುಕೊಂಡು ಕೆಲವರು ವಾದಕ್ಕೆ ಬರುತ್ತಾರೆ. ಅವಳೇ ಕೈಯಾರೆ ಕೊಟ್ಟಳಲ್ಲ ಅಂತ. ಕೊಟ್ಟಿರಬಹುದು. ಈಗ ಅವಳೇ ವಾಪಸ್ ಕೇಳುತ್ತಿದ್ದಾಳಲ್ಲ! ಕೇಳಿದ ದಿನವೇ ಆ ಒಪ್ಪಿಗೆ ಮುಗಿಯಿತು. ನೀವು ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು ಊರಿಗೆ ಹೋಗಿ ಬಂದಿರಿ ಅಂದುಕೊಳ್ಳಿ. ಬೀಗದ ಕೈ ಕೇಳಿದಾಗ ಅವರು ಇನ್ನೆರಡು ವರ್ಷ ಬಿಟ್ಟು ಕೊಡುತ್ತೇವೆ ಅಂದರೆ ಸುಮ್ನೆ ಇರುತ್ತೀರಾ?

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಎಲ್ಲಿಂದ ಅಂತಲೂ ಹೇಳಬೇಕು. ಅಲ್ಲಿ ಇಳಿದ ಮೇಲೆ ಇಕಾಮಾ, ಅಂದರೆ ವಾಸದ ಪರವಾನಗಿ ಮಾಡಿಸಬೇಕು. ಅದಕ್ಕೆ ಪಾಸ್‌ಪೋರ್ಟ್ ಬೇಕು. ಕಫೀಲ್, ಅಂದರೆ ವೀಸಾ ಕೊಡಿಸಿದ ಮಾಲೀಕ, ಅದನ್ನು ತೆಗೆದುಕೊಂಡು ಹೋಗುತ್ತಾನೆ. ಆ ಕೆಲಸಕ್ಕೆ ಕೊಡುವುದು ಸರಿಯೇ. ಕೆಲಸ ಮುಗಿದ ಮೇಲೆ ವಾಪಸ್ ಬರುವುದಿಲ್ಲ, ಬೀರು ಸೇರುತ್ತದೆ. ಹೊಸದಾಗಿ ಹೋದ ಹೆಣ್ಣುಮಗಳು ಭಾಷೆ ಬರದೆ ಸುಮ್ಮನಾಗುತ್ತಾಳೆ. ಎರಡು ವರ್ಷ ಆದ ಮೇಲೆ ಊರಿಗೆ ಬಂದು ತಂಗಿಗೆ ಹೇಳುತ್ತಾಳೆ, "ಅಲ್ಲೆಲ್ಲ ಹಂಗೇನೇ". ಹೀಗೆ ಬಾಯಿಂದ ಬಾಯಿಗೆ ಹರಡಿದ್ದನ್ನೇ ರೂಲ್ಸು ಅಂತ ತೋರಿಸಿ ಏಜೆಂಟರು ಬಾಯಿ ಮುಚ್ಚಿಸುತ್ತಾರೆ.

ಈಗ ಮಾಡಬೇಕಾದ್ದು. ಅಕ್ಕನ ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ಹುಡುಕಿ. ಮೊಬೈಲ್‌ನಲ್ಲಿ ಫೋಟೋ ಇದ್ದರೂ ಆಯಿತು. ಮಾಲೀಕರ ಹೆಸರು, ಫೋನ್ ನಂಬರ್, ಏಜೆಂಟ್‌ಗೆ ದುಡ್ಡು ಹಾಕಿದ ದಾಖಲೆ ಒಟ್ಟು ಮಾಡಿ. ಸಾಧ್ಯವಾದರೆ ಅಕ್ಕನಿಂದ ವಾಟ್ಸಾಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳಿ. ವಿದೇಶಾಂಗ ಇಲಾಖೆಯ "ಮದದ್" ಪೋರ್ಟಲ್ 2015ರಿಂದ ಇದೆ. ಅದರಲ್ಲಿ ಮನೆಯವರೇ ದೂರು ಹಾಕಬಹುದು. ದೂರು ನೇರವಾಗಿ ಅಲ್ಲಿರುವ ನಮ್ಮ ದೇಶದ ಎಂಬೆಸಿಗೆ, ಅಂದರೆ ರಾಯಭಾರ ಕಚೇರಿಗೆ ಹೋಗುತ್ತದೆ. ಎಲ್ಲಿಗೆ ಬಂತು ಅಂತ ನೀವೇ ನೋಡುತ್ತಾ ಇರಬಹುದು. ಫೋನ್ ಮಾಡುವುದಾದರೆ 1800 11 3090, ಖರ್ಚಿಲ್ಲ.

ಪಾಸ್‌ಪೋರ್ಟ್ ಸಿಗದೇ ಹೋದರೆ ಎಂಬೆಸಿಯವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಭಾರತಕ್ಕೆ ಒಂದು ಸಲ ಬರಲು ಅದು ಸಾಕು. ಟಿಕೆಟ್‌ಗೆ ದುಡ್ಡಿಲ್ಲದಿದ್ದರೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕುವೈತಿನ ನಮ್ಮ ಎಂಬೆಸಿಯಲ್ಲಿ ಮನೆಕೆಲಸದ ಹೆಣ್ಣುಮಕ್ಕಳಿಗೆ ಉಳಿಯಲು ಜಾಗವೂ ಇದೆ. ಇದೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ, ವಾರಗಳೇ ಹಿಡಿಯಬಹುದು. ಎದೆಗೆಡಬೇಡಿ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಮನೆ ಬಿಟ್ಟು ಗೆಳತಿಯ ರೂಮಿಗೋ, ಇನ್ನೊಂದು ಮನೆ ಕೆಲಸಕ್ಕೋ ಹೋಗಬೇಡ ಅಂತ ಅಕ್ಕನಿಗೆ ಹೇಳಿ. ಕಫೀಲ್ "ಓಡಿಹೋದಳು" ಅಂತ ಕೇಸು ಹಾಕಿದರೆ ತಪ್ಪು ಅವಳ ತಲೆಗೆ ಬರುತ್ತದೆ. ಹೊರಗೆ ಬರುವುದಾದರೆ ನೇರವಾಗಿ ಎಂಬೆಸಿಗೇ ಬರಬೇಕು.

ವಿಸಿಟ್ ವೀಸಾದಲ್ಲಿ ಕಳಿಸಿದ್ದೇವೆ, ದೂರು ಕೊಟ್ಟರೆ ನಮ್ಮ ಮೇಲೇ ಬರುತ್ತದೆ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಮುಚ್ಚಿಡಬೇಡಿ, ಎಂಬೆಸಿ ಅವಳಿಗೂ ಸಹಾಯ ಮಾಡುತ್ತದೆ. ಹತ್ತನೇ ಕ್ಲಾಸು ಪಾಸಾಗದ ಹೆಣ್ಣುಮಕ್ಕಳು ಕುವೈತ್, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಬೇಕು. 2016ರಿಂದ ಅವರನ್ನು ಸರ್ಕಾರಿ ಏಜೆನ್ಸಿಗಳ ಮೂಲಕವೇ ಕಳಿಸಬೇಕು ಅಂತ ನಿಯಮವೂ ಇದೆ. ಇದನ್ನು ತಪ್ಪಿಸಿಕೊಳ್ಳಲು ಏಜೆಂಟರು ಹಿಡಿದ ಅಡ್ಡದಾರಿಯೇ ವಿಸಿಟ್ ವೀಸಾ.

ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದು ನಮ್ಮ ಜೊತೆ ಕೂರುವ ಇಬ್ಬರಲ್ಲಿ ಒಬ್ಬಾಕೆ ಏಳನೇ ಕ್ಲಾಸಿನವರೆಗೆ ಓದಿದವರು. ಪಾಸ್‌ಪೋರ್ಟಿನ ಆ ಎಚ್ಚರಿಕೆ ಸಾಲನ್ನು ಮೇಷ್ಟ್ರ ಹತ್ತಿರ ಕನ್ನಡದಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದ್ದಾರೆ. ಈಚೆಗೆ ಒಬ್ಬ ಏಜೆಂಟ್ ಸ್ಪೀಕರ್ ಫೋನ್‌ನಲ್ಲಿ ಕಾನೂನು ಹೇಳಲು ಬಂದಾಗ ಆಕೆ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಆ ಕಡೆಯಿಂದ ಸದ್ದೇ ಇಲ್ಲ. ನನಗೆ ಆ ದಿನ ಆದ ಖುಷಿ ಅಷ್ಟಿಷ್ಟಲ್ಲ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ಈಗ ನಾನೇ ಎತ್ತುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಜನ ಕೆಲಸಕ್ಕೆ ಬರುತ್ತಾರೆ. ಅವರಲ್ಲಿ ಕೆಲವು ಹೆಣ್ಣುಮಕ್ಕಳು ತೋಟ ಬಿಟ್ಟು ಬಂಗಲೆಯಲ್ಲಿ ಪಾತ್ರೆ, ಬಟ್ಟೆ, ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾರೆ. ಅವರ ಆಧಾರ್ ಕಾರ್ಡ್ ಎಲ್ಲಿದೆ? ನಾನು ಕೇಳಿದ ಮೂರು ಮನೆಗಳಲ್ಲಿ ಎರಡರಲ್ಲಿ ಮಾಲೀಕರ ಡ್ರಾಯರಿನಲ್ಲಿತ್ತು. "ಅಡ್ವಾನ್ಸ್ ತಗೊಂಡಿದ್ದಾಳೆ, ಓಡಿಹೋದ್ರೆ?" ಅಂದರು. ಅದರಲ್ಲಿ ಒಂದು ಮನೆಯವರ ಸ್ವಂತ ಸಂಬಂಧಿಯೇ ಸೌದಿಯಲ್ಲಿ ಪಾಸ್‌ಪೋರ್ಟ್ ಸಿಗದೆ ಕೂತಿದ್ದಳು. ಅವಳ ಅರ್ಜಿ ತುಂಬಿಸಲು ನಮ್ಮ ಹತ್ತಿರ ಬಂದವರು ಅವರು.

ಆಧಾರ್ ಕೈಯಲ್ಲಿಲ್ಲದಿದ್ದರೆ ಅವಳಿಗೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಕಷ್ಟ, ಹೊಸ ಸಿಮ್ ಕಷ್ಟ. ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ಹೆಸರು ಬರೆಸಲು ಹೋದರೂ ಕೇಳುವುದು ಅದನ್ನೇ. ಸಂಬಳದ ವಿಷಯವೂ ಅಷ್ಟೇ. ಮನೆಕೆಲಸಕ್ಕೂ ಕನಿಷ್ಠ ವೇತನ ಇರಬೇಕು ಅಂತ 2004ರಲ್ಲೇ ಆದೇಶ ಮಾಡಿದ ರಾಜ್ಯ ನಮ್ಮದು. ಅದು ಕನ್ನಡ ಬರುವವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸಂಬಳ ಸಿಗದಿದ್ದರೆ ಅವಳೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ. ಫೋನ್ ನಂಬರ್ 15100.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾರು, ಎತ್ತ ಅಂತ ನೋಡುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಸಲೋ ನಕಲೋ ಗೊತ್ತಾಗುತ್ತದೆ. ಬೇಕಾದರೆ ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಅಸಲು ಕಾರ್ಡನ್ನು ಇವತ್ತು ಸಂಜೆ ಅವಳು ತೋಟದ ಕೆಲಸದವರ ಲೈನ್ ಮನೆಗೆ ಹೊರಡುವಷ್ಟರಲ್ಲಿ ಅವಳ ಕೈಗೆ ಕೊಟ್ಟುಬಿಡಿ.