ಕೌದಿಯ ಮೇಲೆ ಹಿಟ್ಟು ನಾದುವ ಬೆಕ್ಕು

ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಧಾರವಾಡದ ನಮ್ಮ ಮನೆಯ ಬೆಕ್ಕು ಪಡಸಾಲೆಯಲ್ಲಿ ಮಡಚಿಟ್ಟ ಕೌದಿಯನ್ನು ಬಿಟ್ಟು ಕದಲುವುದಿಲ್ಲ. ಮಲಗುವ ಮೊದಲು ಅದು ಕಣ್ಣು ಅರೆಮುಚ್ಚಿ, ಗುರ್‌ಗುರ್ ಸದ್ದು ಮಾಡುತ್ತ, ಎಡಗಾಲು ಬಲಗಾಲುಗಳನ್ನು ಸರದಿಯ ಮೇಲೆ ಊರಿ ಊರಿ ಕೌದಿಯನ್ನು ಒತ್ತುತ್ತದೆ. 'ರೊಟ್ಟಿ ಹಿಟ್ಟು ನಾದಾಕ ಹತ್ತೇತಿ ನೋಡು' ಎಂದು ಅವ್ವ ನಗುತ್ತಾಳೆ.

ಈ ನಾದುವಿಕೆಯ ಮೂಲ ಇರುವುದು ತಾಯಿಬೆಕ್ಕಿನ ಮಗ್ಗುಲಲ್ಲಿ. ಹುಟ್ಟಿದ ಮರಿಗೆ ಕಣ್ಣು ತೆರೆಯಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಅದು ವಾಸನೆ ಮತ್ತು ಬಿಸುಪನ್ನು ಹಿಡಿದೇ ಮೊಲೆಯನ್ನು ಹುಡುಕಿಕೊಂಡು, ಚೀಪುತ್ತಲೇ ಮುಂಗಾಲುಗಳಿಂದ ಅದರ ಅಕ್ಕಪಕ್ಕ ಒತ್ತುತ್ತದೆ. ಚೀಪುವ, ಒತ್ತುವ ಈ ಸ್ಪರ್ಶದ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ತಲುಪಿದಾಗ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಹಾಲಿನ ಗೂಡುಗಳನ್ನು ಸುತ್ತುವರಿದ ಸಣ್ಣ ಸ್ನಾಯುಕೋಶಗಳನ್ನು ಹಿಂಡಿ ಹಾಲನ್ನು ಮೊಲೆತೊಟ್ಟಿಗೆ ನೂಕುತ್ತದೆ. ಎಮ್ಮೆ ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಕರುವನ್ನು ಬಿಟ್ಟು, ಅದು ಕೆಚ್ಚಲಿಗೆ ಗುದ್ದಿ ಗುದ್ದಿ ಎಮ್ಮೆ ತೊರೆ ಬಿಟ್ಟ ಮೇಲೆಯೇ ಗವಳಿಗರು ಹಿಂಡಲು ಕೂರುತ್ತಾರೆ. ಕರು ಮೂತಿಯಿಂದ ಮಾಡುವುದನ್ನು ಬೆಕ್ಕಿನ ಮರಿ ಪಂಜದಿಂದ ಮಾಡುತ್ತದೆ, ಅಷ್ಟೇ. (ಕರು ಸತ್ತ ಎಮ್ಮೆಗೆ ಹಾಲಿಳಿಸಲೆಂದು ಕೆಲವರು ಕದ್ದು ಚುಚ್ಚುವ ಸೂಜಿಮದ್ದೂ ಇದೇ ಆಕ್ಸಿಟೋಸಿನ್.)

ಆದರೆ ಬೆಳೆದ ಎಮ್ಮೆ ಯಾರಿಗೂ ಗುದ್ದಿ ಹಾಲು ಕೇಳುವುದಿಲ್ಲ, ಬೆಳೆದ ಬೆಕ್ಕು ಮಾತ್ರ ಏಕೆ ನಾದುತ್ತಲೇ ಇರುತ್ತದೆ? ತಾಯಿಯಿಂದ ಬೇಗ ಅಗಲಿದ ಬೆಕ್ಕುಗಳಷ್ಟೇ ಹೀಗೆ ಮಾಡುತ್ತವೆ ಎಂಬ ಮಾತು ನಿಲ್ಲುವುದಿಲ್ಲ. ಎಂಟು ವಾರ ತುಂಬುವವರೆಗೆ ತಾಯಿಯ ಜೊತೆಗಿದ್ದು ಹಾಲು ಬಿಟ್ಟ ಬೆಕ್ಕುಗಳೂ ನಾದುತ್ತವೆ. ಹೆಚ್ಚು ಒಪ್ಪುವಂತಹ ವಿವರಣೆ ಸಾಕುವಿಕೆಯದು. ಆಫ್ರಿಕಾದ ಕಾಡುಬೆಕ್ಕಿನಿಂದ ಬಂದ ಈ ಪ್ರಾಣಿ ಮನುಷ್ಯನ ಒಡನಾಟಕ್ಕೆ ಬಂದು ಬಹುಕಾಲವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿ ಸಿಕ್ಕಿದೆ. ಅನ್ನ, ಹಾಲು, ಬೆಚ್ಚನೆಯ ಮೂಲೆ ಇವೆಲ್ಲ ಮನುಷ್ಯನ ಕೈಯಿಂದಲೇ ಸಿಗುವಾಗ ಮರಿತನದ ಕೆಲವು ನಡವಳಿಕೆಗಳನ್ನು ಬಿಡುವ ಅಗತ್ಯ ಅದಕ್ಕೆ ಬೀಳುವುದಿಲ್ಲ. ಮಿಯಾಂವ್ ಎನ್ನುವುದೂ ಹೀಗೆಯೇ: ಮರಿ ತಾಯಿಯನ್ನು ಕರೆಯುವ ಆ ದನಿಯನ್ನು ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಬಳಸುವುದು ಅಪರೂಪ, ನಮ್ಮೆದುರು ಮಾತ್ರ ಧಾರಾಳ.

ಪಂಜದ ಬೆರಳುಗಳ ನಡುವೆ ವಾಸನೆ ಸೂಸುವ ಗ್ರಂಥಿಗಳಿರುವುದರಿಂದ, ಒತ್ತಿದ ಕಡೆ ತನ್ನ ಗುರುತೂ ಉಳಿಯುತ್ತದೆ. ಕಾಡಿನಲ್ಲಿ ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದ ಅಭ್ಯಾಸವೇ ಇದು ಎನ್ನುವವರೂ ಇದ್ದಾರೆ. ನಾದುವಾಗಿನ ಆ ಅರೆಮುಚ್ಚಿದ ಕಣ್ಣನ್ನು ನೋಡಿದರೆ ನನಗೆ ಹಾಲಿನ ನೆನಪೇ ಹೆಚ್ಚು ಸರಿಯೆನ್ನಿಸುತ್ತದೆ.

ಇನ್ನು ಉಗುರು. ವಿಶ್ರಾಂತಿಯಲ್ಲಿರುವಾಗ ಬೆಕ್ಕಿನ ಉಗುರುಗಳನ್ನು ರಬ್ಬರಿನಂತೆ ಹಿಗ್ಗುವ ಕಟ್ಟುನಾರುಗಳು ಒಳಗೆ ಹಿಡಿದಿರುತ್ತವೆ. ಬೆರಳು ಅಗಲಿಸಿ ಒತ್ತುವಾಗ ಸ್ನಾಯುರಜ್ಜು ಎಳೆದು ಅವು ಹೊರಬರುತ್ತವೆ. ಕೌದಿಯ ಹೊಲಿಗೆಗೆ ಸಿಕ್ಕಿಕೊಳ್ಳುವುದೂ, ತೊಡೆಗೆ ಚುಚ್ಚುವುದೂ ಇದರಿಂದಲೇ, ಸಿಟ್ಟಿನಿಂದಲ್ಲ. ಸಿಕ್ಕಾಗ ಬೆಕ್ಕನ್ನು ಹಿಂದಕ್ಕೆ ಜಗ್ಗಿದರೆ ಕೌದಿಯ ದಾರ ಹರಿಯುತ್ತದೆ. ಪಂಜವನ್ನು ಮುಂದಕ್ಕೆ ಮೆಲ್ಲಗೆ ಒತ್ತಿದರೆ ಕೊಕ್ಕೆ ತಾನೇ ಬಿಡುತ್ತದೆ.